ಶಾಮಲಮ್ಮನ ಬಿಳಿ ಬೀಜಗಳು

ಬೈರಕೂರಿಗೆ ಕೂಗಳತೆಯಲ್ಲಿರುವ ಹಳ್ಳಿಯೊಂದರಲ್ಲಿ ಶಾಮಲಮ್ಮ ತನ್ನದು ಎಂದು ಹೇಳಿಕೊಳ್ಳಬಹುದಾದದ್ದು ನಾಲ್ಕು: ಒಂದು ಹಸು, ಒಬ್ಬ ಮಗ, ಒಬ್ಬಳು ಸೊಸೆ, ಮತ್ತೆ ಒಂದು ಹೆಸರು. ಆ ಹೆಸರು ಎಣಿಕೆಯದು. ಶಾಮಲಮ್ಮ ಒಮ್ಮೆ ಎಣಿಸಿದಳು ಅಂದರೆ ಇನ್ನೊಬ್ಬರು ಬೆರಳು ಮಡಿಸುವ ಹಾಗಿಲ್ಲ.

ಇದನ್ನು ಅವಳಿಗೆ ಕಲಿಸಿದ್ದು ಶಾಲೆಯಲ್ಲ. ಮೂರನೇ ಕ್ಲಾಸಿಗೇ ಶಾಲೆಯೂ ಅವಳೂ ಒಬ್ಬರ ಮುಖ ಒಬ್ಬರು ನೋಡುವುದು ಬಿಟ್ಟಿದ್ದರು. ಕಲಿಸಿದ್ದು ಊರಾಚೆಯ ಹುಣಸೆ ಶೆಡ್ಡು. ಅಲ್ಲಿ ಹೆಂಗಸರು ಸಾಲಾಗಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರೆ, ಬುಟ್ಟಿಗಳ ಲೆಕ್ಕ ಮೂವತ್ತು ವರ್ಷ ಇವಳದೇ. ಒಬ್ಬಳು ಒಂದು ಬುಟ್ಟಿ ಹಣ್ಣು ಬಿಡಿಸಿ ಒಪ್ಪಿಸಿದರೆ ಅವಳ ತಟ್ಟೆಗೆ ಒಂದು ಕರಿ ಬೀಜ. ಸರಿಯಾಗಿ ಬಿಡಿಸಿಲ್ಲ ಎಂದು ಬುಟ್ಟಿ ವಾಪಸ್ ಬಂದರೆ ಒಂದು ಬಿಳಿ ಬೀಜ. ಅದೂ ಹುಣಸೆ ಬೀಜವೇ, ಹುರಿದು ಸಿಪ್ಪೆ ತೆಗೆದದ್ದು. ಸಂಜೆ ಒಂದು ಕರಿ ಒಂದು ಬಿಳಿ ಜೋಡಿ ಮಾಡಿ ಮೊರಕ್ಕೆ ಹಾಕುವುದು. ಜೋಡಿ ಅಂದರೆ ಏನೂ ಇಲ್ಲ ಎಂದರ್ಥ. ತಟ್ಟೆಯಲ್ಲಿ ಕರಿ ಉಳಿದರೆ ಅಷ್ಟು ಬುಟ್ಟಿ ಆಯಿತು. ಬಿಳಿ ಉಳಿದರೆ ಮಾರನೇ ದಿನ ಅದನ್ನು ತುಂಬಿದ ಮೇಲೇ ಹೊಸ ಎಣಿಕೆ. ಇದನ್ನೇ ಮುಳಬಾಗಿಲಿನ ಮಕ್ಕಳು ಪ್ಲಸ್ಸು ಮೈನಸ್ಸು ಎಂದು ಕರೆದು, ಅರ್ಥವಾಗದೆ ಟ್ಯೂಷನ್ನಿಗೆ ಹೋಗುತ್ತಾರೆ.

ಬೀಜದಲ್ಲಿ ಎಂದೂ ತಪ್ಪದ ಶಾಮಲಮ್ಮ ಬಾಯಲ್ಲಿ ಮಾತ್ರ ತಪ್ಪುತ್ತಿದ್ದಳು. ಮೂರು ವಾರದ ಹಿಂದೆ ನೆಂಟರು ಊಟಕ್ಕೆ ಕೂತಿದ್ದಾಗ ಸೊಸೆ ರಜನಿ ಸೊಪ್ಪಿನ ಸಾರು ಬಡಿಸುತ್ತಿದ್ದಳು. ಶಾಮಲಮ್ಮನಿಗೆ ಅದೇನು ಹುಮ್ಮಸ್ಸು ಬಂತೋ, "ನಮ್ಮ ರಜನಿ ಸಾರು ಮಾಡಿದ್ರೆ ಕೈ ತೊಳ್ಯೋಕೆ ಬೇರೆ ನೀರು ಬೇಡ" ಎಂದುಬಿಟ್ಟಳು. ನೆಂಟರು ನಕ್ಕರು. ರಜನಿ ನಗಲಿಲ್ಲ.

ಅವತ್ತಿನಿಂದ ಆ ಮನೆಯಲ್ಲಿ ಮಾತುಕತೆಯೆಲ್ಲ ಹಸುವಿನ ಮುಖಾಂತರ. "ಗೌರಿ, ಕಾಫಿ ಇಟ್ಟಿದೀನಿ, ಆರಿ ಹೋಗುತ್ತೆ ಅಂತ ಹೇಳು" ಎಂದು ರಜನಿ ಕೊಟ್ಟಿಗೆಯ ಕಡೆ ತಿರುಗಿ ಹೇಳುವಳು. "ಗೌರಿ, ಸಕ್ಕರೆ ಕಮ್ಮಿಯಾಗಿದೆ ಅಂತ ಹೇಳು" ಎಂದು ಶಾಮಲಮ್ಮ ಅದೇ ಕೊಟ್ಟಿಗೆಗೆ ಉತ್ತರ ಕೊಡುವಳು. ಮಗ ಕಾಂತರಾಜ್ ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಈ ಮೂರು ವಾರ ಅವನು ಕಂಪನಿ ಬಸ್ಸಿಗೆ ಒಂದು ಗಂಟೆ ಮೊದಲೇ ಹೋಗಿ ರಸ್ತೆಯಲ್ಲಿ ನಿಂತಿರುತ್ತಿದ್ದ. ಜಾಣ, ಮನೆಯಲ್ಲಿದ್ದರೆ ಅವನೂ ಗೌರಿಯ ಹತ್ತಿರವೇ ಮಾತಾಡಬೇಕಾಗುತ್ತಿತ್ತು.

ತಪ್ಪು ತನ್ನದೇ ಎಂದು ಶಾಮಲಮ್ಮನಿಗೆ ಗೊತ್ತಿತ್ತು. ಸಾರು ಅಷ್ಟೇನೂ ತೆಳ್ಳಗಿರಲಿಲ್ಲ. ನಾಲ್ಕು ಜನ ನಗಲಿ ಎಂದು ಆಡಿದ ಮಾತು, ಅಷ್ಟೆ. ಅದನ್ನು ಸೊಸೆಗೆ ಹೇಗೆ ಹೇಳುವುದು ಎಂಬುದು ಮಾತ್ರ ಗೊತ್ತಿರಲಿಲ್ಲ.

ಹೀಗಿರುವಾಗ ಸ್ತ್ರೀಶಕ್ತಿ ಸಂಘದವರು ಪಂಚಾಯ್ತಿ ಹಾಲ್‌ನಲ್ಲಿ ರಸಪ್ರಶ್ನೆ ಇಟ್ಟುಕೊಂಡರು. ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಪೈಪೋಟಿ. ಗೆದ್ದ ಬೀದಿಗೆ ಐವತ್ತು ಜನಕ್ಕೆ ಅನ್ನ ಬೇಯುವಂಥ ಸ್ಟೀಲ್ ಪಾತ್ರೆ. ಪ್ರಶ್ನೆ ಕೇಳುವವಳು ಅಂಗನವಾಡಿ ಟೀಚರ್ ಅನಿತ. ಹೋದ ವರ್ಷ ಒಂದು ಪ್ರಶ್ನೆಗೆ ಹದಿನೆಂಟು ಜನ ಹದಿನೆಂಟು ಉತ್ತರ ಕೂಗಿ ಅವಳ ಕಿವಿ ಮುಚ್ಚಿಸಿದ್ದರು. ಆದ್ದರಿಂದ ಈ ಸಲ ಸರಿ ಉತ್ತರಕ್ಕೆ ಐದು ಕೊಡುವುದು, ತಪ್ಪು ಉತ್ತರಕ್ಕೆ ಐದು ಕಳೆಯುವುದು ಎಂದು ನಿಯಮ ಮಾಡಿದ್ದಳು. ಅಂಕ ಬೋರ್ಡಿನಲ್ಲಿ ಬರೆಯುವುದಕ್ಕೆ ಎರಡು ಬೀದಿಯೂ ಒಪ್ಪಲಿಲ್ಲ. ಚಾಕ್‌ಪೀಸಿನಲ್ಲಿ ಬರೆದದ್ದನ್ನು ಸೆರಗಿನಲ್ಲಿ ಒರೆಸಬಹುದು. ಶಾಮಲಮ್ಮ ಬೀಜದಲ್ಲಿ ಎಣಿಸಲಿ ಎಂದರು. ಅವಳು ಕೆಳಗಿನ ಬೀದಿಯವಳು, ಸಾಲದ್ದಕ್ಕೆ ರಜನಿ ಅದೇ ತಂಡದಲ್ಲಿದ್ದಾಳೆ. ಆದರೂ ಅವಳ ಹೆಸರನ್ನು ಮೊದಲು ಹೇಳಿದ್ದು ಮೇಲಿನ ಬೀದಿಯವರು. ಶಾಮಲಮ್ಮ ಎರಡು ತಟ್ಟೆ, ಒಂದು ಮೊರ ಇಟ್ಟುಕೊಂಡು ಚಾಪೆಯ ಮೇಲೆ ಮಹಾರಾಣಿಯ ಹಾಗೆ ಕೂತಳು.

ಆಟ ಚೆನ್ನಾಗಿಯೇ ನಡೆಯಿತು. ಎರಡೂ ತಟ್ಟೆಯಲ್ಲಿ ಇಪ್ಪತ್ತಿಪ್ಪತ್ತು ಕರಿ ಬೀಜ ಆಗಿದ್ದಾಗ ಅನಿತ ಕೆಳಗಿನ ಬೀದಿಯವರನ್ನು ಕೇಳಿದಳು, "ಜೇಡಕ್ಕೆ ಎಷ್ಟು ಕಾಲು?" ರಜನಿ ಎದ್ದು "ಎಂಟು" ಎಂದಳು. ಅನಿತ ಚೀಟಿ ನೋಡಿ ತಪ್ಪು ಎಂದಳು. ಶಾಮಲಮ್ಮ ಸೊಸೆಯ ಮುಖ ನೋಡದೆ ಐದು ಬಿಳಿ ಬೀಜ ಹಾಕಿ, ಐದು ಕರಿಯ ಜೊತೆ ಜೋಡಿ ಮಾಡಿ ಮೊರಕ್ಕೆ ಸರಿಸಿದಳು. ತಟ್ಟೆಯಲ್ಲಿ ಹದಿನೈದು ಕರಿ ಉಳಿಯಿತು.

ಕೊನೆಯ ಚೀಟಿ ಕೈಗೆ ಬಂದಾಗ ಅನಿತಳ ಮುಖ ಬಾಡಿತು. "ಇರುವೆಗೆ ಎಷ್ಟು ಕಾಲು ಅಂತ ಪ್ರಶ್ನೆ. ಉತ್ತರ ಎಂಟು ಅಂತ ಬರ್ಕೊಂಡಿದೀನಿ. ಜೇಡದ್ದೂ ಇದೂ ಅದಲುಬದಲಾಗಿದೆ. ರಜನಿ ಹೇಳಿದ್ದೇ ಸರಿ" ಎಂದು, ಯಾರಿಗೂ ಅಂಕವಿಲ್ಲದೆ ಆ ಚೀಟಿಯನ್ನು ಪಕ್ಕಕ್ಕಿಟ್ಟಳು. ಪ್ರಶ್ನೆಗಳು ಅಲ್ಲಿಗೆ ಮುಗಿದವು, ಜಗಳ ಅಲ್ಲಿಂದ ಶುರುವಾಯಿತು.

ಮೇಲಿನ ಬೀದಿಯ ಮುಂದಾಳು ವೆಂಕಟರತ್ನಮ್ಮ. ಪುಂಗನೂರು ಕಡೆಯಿಂದ ಮದುವೆಯಾಗಿ ಬಂದವಳು. ಸಿಟ್ಟು ಏರಿದಂತೆ ತೆಲುಗು ಇಣುಕುತ್ತಿತ್ತು. "ಸರಿ ಉತ್ತರಕ್ಕೆ ಐದು ತಾನೆ? ಐದು ಹಾಕಿ. ಇಪ್ಪತ್ತಕ್ಕೆ ಇಪ್ಪತ್ತು, ಸಮ ಸಮ" ಎಂದಳು.

"ಹತ್ತು ಬರ್ಬೇಕು" ಎಂದಳು ರಜನಿ. "ಮೊದ್ಲು ಹಾಕಿದ ತಪ್ಪು ತೆಗೀಬೇಕು. ಆಮೇಲೆ ಸರಿ ಉತ್ತರದ ಐದು."

"ಏನಮ್ಮ ತೆಗೆಯೋದು? ತಟ್ಟೇಲಿ ಒಂದಾದ್ರೂ ಬಿಳಿ ಬೀಜ ಇದೆಯಾ? ಇಲ್ದೇ ಇರೋದನ್ನ ಹೆಂಗೆ ತೆಗೀತಾರೆ? ಅದೆಲ್ಲಾ ಕುದರದು, ಆಗಲ್ಲ."

ಅವಳ ಮಾತೂ ಸುಳ್ಳಲ್ಲ. ತಟ್ಟೆಯಲ್ಲಿ ಇದ್ದದ್ದೆಲ್ಲ ಕರಿಯೇ. ಅನಿತ ಒಮ್ಮೆ ಇತ್ತ, ಒಮ್ಮೆ ಅತ್ತ ತಲೆಯಾಡಿಸಿ, ಕೊನೆಗೆ ಶಾಮಲಮ್ಮನ ಕಡೆ ನೋಡಿದಳು. ಹಾಲ್‌ನಲ್ಲಿದ್ದವರೆಲ್ಲ ಅತ್ತಲೇ ನೋಡಿದರು.

ಶಾಮಲಮ್ಮ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಹತ್ತು ಎಂದರೆ ಸೊಸೆಗೆ ಎತ್ತಿಕೊಟ್ಟಳು ಅನ್ನುತ್ತಾರೆ. ಐದು ಎಂದರೆ ಸಾರಿನ ಸೇಡು ತೀರಿಸಿಕೊಂಡಳು ಅನ್ನುತ್ತಾರೆ. ಗೌರಿಯ ಸಂಗತಿ ಊರಿಗೆಲ್ಲ ಗೊತ್ತಿತ್ತು. ಹೇಗೆ ಹೇಳಿದರೂ ಮೂವತ್ತು ವರ್ಷದ ಹೆಸರು ಇವತ್ತಿಗೆ ಮಣ್ಣುಪಾಲು. ಅವಳು ಬೀಜಗಳನ್ನು ನೋಡಿದಳು. ಅವಕ್ಕೆ ಅತ್ತೆಯೂ ಇಲ್ಲ, ಸೊಸೆಯೂ ಇಲ್ಲ. ಸ್ವಲ್ಪ ಧೈರ್ಯ ಬಂತು.

"ರತ್ನಮ್ಮ, ಇಲ್ಲಿ ಬಾ. ತಟ್ಟೇಲಿ ಎಷ್ಟಿದೆ?"

"ಹದಿನೈದು."

ಶಾಮಲಮ್ಮ ಮೊರದಿಂದ ಒಂದು ಕರಿ, ಒಂದು ಬಿಳಿ ಎತ್ತಿ ತಟ್ಟೆಗೆ ಹಾಕಿದಳು. "ಈಗ?"

"ಜೋಡಿ ಹಾಕಿದ್ರೆ ಏನು ಬಂತು? ಹದಿನೈದೇ."

ಇನ್ನೂ ನಾಲ್ಕು ಜೋಡಿ ಹಾಕಿದಳು. "ಈಗ?"

"ಐದು ಹಾಕು, ಐವತ್ತು ಹಾಕು, ಹದಿನೈದೇ ಶಾಮಲಕ್ಕ. ನಾನೂ ಶೆಡ್ಡಲ್ಲಿ ಕೂತವಳೇ."

"ಬಿಳಿ ಬೀಜ ಇಲ್ಲ ಅಂದ್ಯಲ್ಲ. ಈಗ ಐದಿದೆ. ತಪ್ಪು ಉತ್ತರಕ್ಕೆ ಹಾಕಿದ್ದು ಐದು. ನಿನ್ನ ಕೈಯಾರೆ ತೆಗಿ."

ವೆಂಕಟರತ್ನಮ್ಮ ಒಂದೊಂದಾಗಿ ಐದೂ ತೆಗೆದಳು. ಉಳಿದ ಕರಿ ಬೀಜ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಇಪ್ಪತ್ತು.

"ಅವಳಿಗೆ ನಾನಿನ್ನೂ ಏನೂ ಕೊಟ್ಟಿಲ್ಲ" ಎಂದಳು ಶಾಮಲಮ್ಮ. "ತಪ್ಪು ತೆಗೆದಿದ್ದಕ್ಕೇ ಐದು ಏರಿತು. ಅದು ಬರೀ ಮೊದ್ಲಿದ್ದ ಜಾಗಕ್ಕೆ ವಾಪಸ್ ಬಂದಿದ್ದು. ಸರಿ ಹೇಳಿದ್ದಕ್ಕೆ ಕೊಡೋದು ಇನ್ನೂ ಬಾಕಿ ಇದೆ. ಶೆಡ್ಡಲ್ಲಿ ಒಂದ್ಸಲ ಬೇರೆಯವರ ಬುಟ್ಟಿ ನಿನ್ನ ಹೆಸರಿಗೆ ವಾಪಸ್ ಬಂದಿತ್ತಲ್ಲ, ಅವತ್ತು ನಿನಗೂ ಹಿಂಗೇ ಮಾಡಿದ್ದೆ."

ವೆಂಕಟರತ್ನಮ್ಮ ತೆಲುಗಿನಲ್ಲಿ ಏನೋ ಗೊಣಗಿದಳು. ಆಮೇಲೆ ತಾನೇ ಮೊರಕ್ಕೆ ಕೈ ಹಾಕಿ ಐದು ಕರಿ ಬೀಜ ಎಣಿಸಿ ಕೆಳಗಿನ ಬೀದಿಯ ತಟ್ಟೆಗೆ ಹಾಕಿದಳು. "ಇಪ್ಪತ್ತೈದು. ಪಾತ್ರೆ ತಗೊಂಡೋಗಿ. ನಮ್ಮ ಬೀದೀಲಿ ಮದುವೆ ಆದ್ರೆ ಕೊಡ್ಬೇಕು, ಈಗಲೇ ಹೇಳಿದೀನಿ."

ಸಂಜೆ ರಜನಿ ಅತ್ತೆಗೆ ಮುದ್ದೆ ಇಟ್ಟು ಸೊಪ್ಪಿನ ಸಾರು ಬಡಿಸಿದಳು. ಶಾಮಲಮ್ಮ ಕೊಟ್ಟಿಗೆಯ ಕಡೆ ತಿರುಗಿದಳು, ಮತ್ತೆ ಈ ಕಡೆಗೇ ತಿರುಗಿದಳು. ಪಂಚಾಯ್ತಿಯಲ್ಲಿ ತೀರ್ಪು ಕೊಟ್ಟದ್ದು ಇದಕ್ಕಿಂತ ಸುಲಭವಾಗಿತ್ತು.

"ರಜನಿ. ಅವತ್ತು ಸಾರಿಗೆ ಒಂದು ಮಾತಂದೆನಲ್ಲ. ಅದನ್ನ ವಾಪಸ್ ತಗೊಂಡಿದೀನಿ ಕಣೇ."

ರಜನಿ ಸೌಟನ್ನು ಪಾತ್ರೆಗೆ ಇಳಿಸಿ ಅತ್ತೆಯ ಕಡೆ ತಿರುಗಿದಳು. ಮೂರು ವಾರದ ಮೇಲೆ ಅವಳು ನೇರವಾಗಿ ಆಡಿದ ಮೊದಲ ಮಾತು ಇದು: "ಅದು ಬರೀ ಮೊದ್ಲಿದ್ದ ಜಾಗಕ್ಕೆ ಬಂತು ಅತ್ತೆ. ಸಾರಿಗೆ ಕೊಡೋದು ಇನ್ನೂ ಬಾಕಿ ಇದೆ."

ಊರ ಮುಂದೆ ತಾನೇ ಕೊಟ್ಟ ತೀರ್ಪು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಶಾಮಲಮ್ಮ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದಳು.

"ಚೆನ್ನಾಗಿದೆ. ಅವತ್ತೂ ಚೆನ್ನಾಗಿತ್ತು. ಇನ್ನೊಂದು ಸೌಟು ಹಾಕು."

ರಜನಿ ಎರಡು ಸೌಟು ಹಾಕಿದಳು.

"ಒಂದು ಅಂದೆ ನಾನು."

"ಅವತ್ತಿಂದು ಒಂದು, ಇವತ್ತಿಂದು ಒಂದು" ಎಂದಳು ರಜನಿ.

ಮೂರು ವಾರದ ಕೆಲಸ ಕಳೆದುಕೊಂಡ ಗೌರಿ ಕೊಟ್ಟಿಗೆಯಿಂದ ಒಮ್ಮೆ ಕೂಗಿತು. ಅತ್ತೆ ಸೊಸೆ ಇಬ್ಬರೂ ಮಾತಿನಲ್ಲಿದ್ದರು, ಯಾರಿಗೂ ಕೇಳಿಸಲಿಲ್ಲ.