ಫೆಬ್ರವರಿಯ ಇಂಗ್ಲೆಂಡ್

ಲಾಕ್‌ಡೌನ್‌ಗಳೆಲ್ಲ ಮುಗಿದು ಜನ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು ಓಡಾಡತೊಡಗಿದ ಕಾಲದಲ್ಲಿ, ಸಕಲೇಶಪುರದ ಟ್ರಾವೆಲ್ ಏಜೆಂಟ್ ಒಬ್ಬ ನಮ್ಮ ಮನೆಗೆ ಬಂದ. ನಾನು ಬಾಳ್ಳುಪೇಟೆಯಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದಾಗ ಕೊನೆಯ ಬೆಂಚಿನಲ್ಲಿ ಕೂತು, ಹೈವೇಯಿಂದ ಬರುವ ಹಾರ್ನ್ ಕೇಳಿಯೇ ಅದು ಯಾವ ಬಸ್ಸೆಂದು ಹೇಳುತ್ತಿದ್ದವನು. ಈಗ ಅವನ ಗಡ್ಡವೂ ನರೆತಿದೆ. ಅವನ ತಂದೆ ಎಸ್ಟೇಟುಗಳಿಗೆ ಜೀಪು ಓಡಿಸುತ್ತಿದ್ದರು. ಇವನು ಟೆಂಪೋ ಟ್ರಾವೆಲರ್ ಇಟ್ಟು, ಉಮ್ರಾ ಟಿಕೆಟ್ಟು, ದುಬೈ ಟಿಕೆಟ್ಟು ಮಾಡಿಸಿಕೊಡುತ್ತಾ ಒಂದು ಮಟ್ಟಕ್ಕೆ ಬಂದಿದ್ದ. ಕೋವಿಡ್‌ನಲ್ಲಿ ಎಲ್ಲವೂ ನಿಂತು, ಟೆಂಪೋದ ಸೀಟು ಬಿಚ್ಚಿ ಊರೂರಿಗೆ ಈರುಳ್ಳಿ ಹೊತ್ತನಂತೆ.

"ಮಿಸ್, ಒಂದು ಹೆಲ್ಪ್ ಆಗ್ಬೇಕಿತ್ತು" ಎಂದು ಸೋಫಾದ ತುದಿಯಲ್ಲಿ ಕೂತ. "ಕಾಫಿ ರೇಟ್ ಎಲ್ಲಿಗೋ ಹೋಗ್ಬುಟ್ಟೈತೆ. ಪ್ಲಾಂಟರ್‌ಗಳು ದುಬೈ ನೋಡ್ಬುಟ್ಟವ್ರೆ, ಸಿಂಗಾಪುರ ನೋಡ್ಬುಟ್ಟವ್ರೆ. ಈಗ ಇಂಗ್ಲೆಂಡ್ ಅಂತಾವ್ರೆ. ಅದೂ ಬರೀ ಲಂಡನ್ ಅಲ್ಲ. ಅವ್ರ ತೋಟ ಮಾಡಿದ ದೊರೆ ಯಾವೂರಿಂದ ಬಂದ್ನೋ ಆ ಊರು, ಆ ಚರ್ಚು, ಆ ಮನೆ ನೋಡ್ಬೇಕಂತೆ."

ಇಂಗ್ಲೆಂಡಿನ ಯಾವುದೋ ಒಂದು ಕಂಪನಿ, ಕೋವಿಡ್‌ನಿಂದ ಮಲಗಿದ ಟೂರಿಸಂ ಎಬ್ಬಿಸುವುದಕ್ಕೆ ನಮ್ಮ ದೇಶದ ಏಜೆಂಟರಿಗೆ ಝೂಮ್‌ನಲ್ಲಿ ಕ್ಲಾಸ್ ಮಾಡುತ್ತಿತ್ತು. ಹೆರಿಟೇಜ್ ಟೂರ್, ಕಸ್ಟಮೈಸ್ಡ್. ಗಿರಾಕಿ ಏನು ಕೇಳುತ್ತಾನೋ ಅದಕ್ಕೆ ತಕ್ಕಂತೆ ಅವರು ಹೋಟೆಲು, ಕೋಚು, ಗೈಡು ಎಲ್ಲ ಹೊಂದಿಸಿಕೊಡುತ್ತಾರೆ. ಇವನು ಮಾರಿದರೆ ಸಾಕು. ಇವನೂ ಹೆಸರು ಬರೆಸಿದ್ದ.

"ಕ್ಲಾಸ್ ಮಾಡೋ ಆಯಮ್ಮ ಮಾತಾಡಿದ್ರೆ ನಂಗೆ ಗುಡ್ ಮಾರ್ನಿಂಗ್ ಬಿಟ್ಟು ಏನೂ ತಿಳಿಯಲ್ಲ ಮಿಸ್. ನೀವು ಪಕ್ಕದಾಗೆ ಕೂತ್ಕಂಡ್ರೆ ಸಾಕು."

ನನಗೆ ಎಪ್ಪತ್ತು ದಾಟಿತ್ತು. ಆ ವಯಸ್ಸಿನ ಹೆಂಗಸನ್ನು ಅಕ್ಷತೆ ಹಾಕುವುದಕ್ಕೆ ಕರೆಯುತ್ತಾರೆ, ಕೆಲಸಕ್ಕೆ ಕರೆಯುವುದಿಲ್ಲ. ಹಾಗಾಗಿ ಬೇಡ ಎನ್ನಲಿಲ್ಲ. ಮೊದಲನೇ ಝೂಮ್‌ಗೆ ಮೈಸೂರು ಸಿಲ್ಕ್ ಉಟ್ಟು ಕೂತೆ. ಬಸ್ ಸ್ಟ್ಯಾಂಡಿನ ಹತ್ತಿರದ ಅವನ ಆಫೀಸಿನಲ್ಲಿ, ಕೆಳಗಡೆ ಕಂಡಕ್ಟರು "ಹಾಸನ, ಹಾಸನ" ಎಂದು ಕೂಗುತ್ತಿದ್ದರೆ, ಮೇಲೆ ನಾನು ಕಾನ್ವೆಂಟಿನ ಇಂಗ್ಲಿಷಿನಲ್ಲಿ "ಗುಡ್ ಆಫ್ಟರ್‌ನೂನ್, ಮೈ ಡಿಯರ್" ಎನ್ನುತ್ತಿದ್ದೆ.

ನಾನು ಇಂಗ್ಲೆಂಡ್ ನೋಡಿದವಳಲ್ಲ. ಆದರೆ ಕಾನ್ವೆಂಟಿನ ಹಾಸ್ಟೆಲಿನಲ್ಲಿ ನಮಗೆ ಜಿಯಾಗ್ರಫಿ ಹೇಳಿಕೊಡುತ್ತಿದ್ದ ಮದರ್ ಅಲ್ಲಿಯವರು. ಅವರ ಬಾಯಲ್ಲಿ ಅಲ್ಲಿ ಯಾವಾಗಲೂ ಜೂನ್ ತಿಂಗಳೇ. ರಾತ್ರಿ ಊಟದ ಹೊತ್ತಿಗೂ ಬೆಳಕಿರುತ್ತದೆ, ಗೋಡೆಯ ತುಂಬ ಗುಲಾಬಿ, ಹುಲ್ಲಿನ ಮೇಲೆ ಟೇಬಲ್ ಹಾಕಿ ಟೀ. ಅವರು ಆ ದೇಶ ಬಿಟ್ಟು ಎಷ್ಟೋ ವರ್ಷವಾಗಿತ್ತು. ಬಿಟ್ಟು ಬಂದವರ ನೆನಪಿನಲ್ಲಿ ಚಳಿಗಾಲ ಉಳಿಯುವುದಿಲ್ಲವೇನೋ. ಯಾವ ದಿನ ಏನು ನೋಡುವುದು ಎನ್ನುವ ಐಟಿನರಿ ಬರೆಯುವುದೂ ಬರಬರುತ್ತಾ ನನ್ನ ಪಾಲಿಗೆ ಬಂತು; ಅವುಗಳಲ್ಲೆಲ್ಲ ಆ ಜೂನೇ ಇತ್ತು. ಪ್ಲಾಂಟರ್‌ಗಳ ಮನೆಗೆ ಹೋಗಿ, ಕಾಫಿ ಕುಡಿದು, ನಿಮ್ಮ ದೊರೆಯ ಬಗ್ಗೆ ಏನು ಗೊತ್ತು ಎಂದು ಕೇಳುವುದು ನನ್ನ ಕೆಲಸವಾಯಿತು. ಒಬ್ಬರು ಕಾಫಿ ಹಣ್ಣು ಸುಲಿಯುವ ಹಳೆಯ ಪಲ್ಪರ್ ಮೇಲಿನ ಹಿತ್ತಾಳೆ ತಗಡಿನಲ್ಲಿದ್ದ ಊರಿನ ಹೆಸರು ತೋರಿಸಿ ಆ ಊರೇ ಇರಬೇಕು ಎಂದರು. ಅದು ಮೆಷಿನ್ ಮಾಡಿದ ಫ್ಯಾಕ್ಟರಿಯ ಊರು. ಇನ್ನೊಬ್ಬರು, "ನಮ್ಮ ದೊರೆ ಕುದುರೆ ಮೇಲೆ ಕೂತ್ರೆ ಲೈನ್‌ಮನೆ ಆಳುಗಳೆಲ್ಲ ಎದ್ದು ನಿಲ್ತಿದ್ರಂತೆ. ಅವ್ನೂರಾಗೆ ಅರಮನೆನೇ ಇರ್ಬೇಕು" ಎಂದರು. ಹುಡುಕಿದರೆ ಆ ದೊರೆಯ ಅಪ್ಪ ಮೀನಿನ ಅಂಗಡಿಯವನು. ಏಜೆಂಟ್ ನಕ್ಕೂ ನಕ್ಕೂ, "ಅದನ್ನ ಹೇಳ್ಬೇಡಿ ಮಿಸ್, ಕ್ಯಾನ್ಸಲ್ ಮಾಡ್ಬುಡ್ತಾರೆ" ಎಂದ.

ಇಷ್ಟು ಹೊತ್ತಿಗೆ ನನ್ನ ಗೆಳತಿಗೆ ಸುದ್ದಿ ಹೋಗಿತ್ತು. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು. ಮದುವೆಯಾಗಿ ವನಗೂರಿನ ಕಡೆಯ ಎಸ್ಟೇಟಿಗೆ ಹೋದವಳು. ಈಗ ಗಂಡ ಇಲ್ಲ, ತೋಟ ತಾನೇ ನೋಡಿಕೊಳ್ಳುತ್ತಾಳೆ. ಫೋನ್ ಮಾಡಿ, ಹಲೋ ಕೂಡ ಹೇಳದೆ, "ನನ್ನದು ಫಸ್ಟ್ ಸೀಟ್ ಬರ್ಕೋ" ಎಂದಳು.

ಯಾಕೆಂದು ನನಗೆ ಗೊತ್ತಿತ್ತು. ಅವಳ ಮಾವ ಆ ತೋಟವನ್ನು ಕೊಂಡದ್ದು ಒಬ್ಬ ದೊರೆಯಿಂದ. ಲೆಕ್ಕಪತ್ರ, ಸ್ಟೋರ್, ದನಗಳು ಎಲ್ಲ ಕೈಬದಲಾಗುವುದಕ್ಕೆ ಒಂದಿಡೀ ಮಳೆಗಾಲ ಹಿಡಿಯಿತು. ಅಷ್ಟು ದಿನ ಒಂದೇ ಬಂಗಲೆಯಲ್ಲಿ ಅತ್ತ ದೊರೆಸಾನಿ, ಇತ್ತ ಇವರ ಸಂಸಾರ. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ಹೊಸ ಸೊಸೆಯಾಗಿದ್ದ ಇವಳೊಬ್ಬಳಿಗೇ. ಅತ್ತೆ ಅವಳನ್ನು ದೊರೆಸಾನಿಯ ಹಿಂದೆ ಬಿಟ್ಟರು. ನೆಲಕ್ಕೆ ಪಾಲಿಶ್ ಹಾಕುವುದು, ಬೆಂಕಿಗೂಡು ಹೊಗೆಯಾಡದ ಹಾಗೆ ಕಟ್ಟಿಗೆ ಜೋಡಿಸುವುದು ಎಲ್ಲವನ್ನೂ ಆಕೆಯೇ ಇವಳಿಗೆ ತೋರಿಸಿದ್ದು. ಬಂಗಲೆಯ ಗೋಡೆಗೆ ಒಂದು ಹಬ್ಬುಗುಲಾಬಿ ಇತ್ತು. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿದ್ದ ತನ್ನ ತಾಯಿಯ ಮನೆಯ ಗೋಡೆಯಿಂದ ದೊರೆಸಾನಿ ತರಿಸಿ ನೆಟ್ಟದ್ದು. ಪ್ರತಿ ಜೂನ್‌ನಲ್ಲೂ ಮೊಗ್ಗು ಬಿಡುವುದು, ಮಳೆ ಹಿಡಿಯುವುದು, ಮೊಗ್ಗು ಅರಳದೆಯೇ ನೆನೆದ ಕಾಗದದಂತೆ ಕೊಳೆತು ಬೀಳುವುದು. ಹೊರಡುವ ದಿನ ಆಕೆ ಇವಳ ಕೈ ಹಿಡಿದು, "ಕಮ್ ಅಂಡ್ ಸೀ ಇಟ್ ಅಟ್ ಹೋಮ್" ಎಂದಿದ್ದರು. ಇವಳು ಬರುತ್ತೇನೆಂದು ಮಾತು ಕೊಟ್ಟಿದ್ದಳು. ಆಮೇಲೆ ಅತ್ತೆಯ ಕಾಯಿಲೆ, ಮಕ್ಕಳು, ಗಂಡನ ಆಪರೇಷನ್. ದೊರೆಸಾನಿ ತೀರಿಹೋದರು. ಬಂಗಲೆಯ ಗುಲಾಬಿಯೂ ಒಣಗಿತು.

ಆ ತಾಯಿಯ ಮನೆ ಈಗ ಯಾವುದೋ ಟ್ರಸ್ಟಿನ ಕೈಯಲ್ಲಿದೆ, ಅದರ ತೋಟವನ್ನು ಜನ ನೋಡಬಹುದು ಎಂದು ಕಂಪ್ಯೂಟರಿನಲ್ಲಿ ಹುಡುಕಿ ತೆಗೆದವಳು ನಾನು. ಫೋಟೋದಲ್ಲಿ ಗೋಡೆಯ ತುಂಬ ಬಿಳಿ ಹೂವು. ಆ ಖುಷಿಯಲ್ಲಿ ಆಗಲೇ ಅವಳಿಗೆ ಫೋನ್ ಮಾಡಿದೆ.

ಟೂರ್ ಯಾವ ತಿಂಗಳು ಎನ್ನುವುದಕ್ಕೆ ವನಗೂರಿನ ಬಂಗಲೆಯ ಜಗಲಿಯಲ್ಲಿ ಮೀಟಿಂಗ್ ಆಯಿತು. ಗೆಳತಿಯಲ್ಲದೆ ಪ್ಲಾಂಟರ್ ದಂಪತಿಗಳು ಕೆಲವರು ಇದ್ದರು. ನಾನು ಜೂನ್ ಎಂದೆ.

ಹೊಂಗಡಹಳ್ಳದ ಕಡೆಯ ಪ್ಲಾಂಟರ್ ಕಪ್ಪು ಕೆಳಗಿಟ್ಟರು. "ಜೂನಾ? ಏನ್ ಮಿಸ್ ನೀವು! ಮಳೆ ಹಿಡಿಯೋ ಹೊತ್ತಲ್ಲಿ ತೋಟ ಬುಟ್ಟು ಬಂದ್ರೆ ಔಷಧಿ ಯಾರು ಹೊಡೆಸ್ತಾರೆ, ಇಂಗ್ಲೆಂಡ್ ರಾಣಿ ಬತ್ತಾಳಾ?"

"ರಾಣಿ ಹೋಗ್ಬುಟ್ಲು ಮಾರಾಯ, ಈಗ ರಾಜ" ಎಂದರು ಪಕ್ಕದವರು.

"ರಾಜನೇ ಬರ್ಲಿ, ಬೆನ್ನಿಗೆ ಔಷಧಿ ಕ್ಯಾನ್ ಕಟ್ತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊಂಗಡಹಳ್ಳದವರ ಹೆಂಡತಿ ಸಮಾಧಾನದ ದನಿಯಲ್ಲಿ, "ಪಿಕಿಂಗ್ ಮುಗ್ದು, ಕಾಫಿ ಕ್ಯೂರಿಂಗ್‌ಗೆ ಹೋಗ್ಲಿ ಮಿಸ್. ಹೂಮಳೆ ಬರೋದ್ರೊಳ್ಗೆ ತಿರುಗಿ ಬಂದ್ಬುಡಾಣ. ಫೆಬ್ರವರಿ ಅಂದ್ರೆ ಫೆಬ್ರವರಿ ಕಣ್ರೀ" ಎಂದರು. ನಮ್ಮ ಕಡೆ ಮದುವೆ, ಗೃಹಪ್ರವೇಶ, ಕಣ್ಣಿನ ಆಪರೇಷನ್ ಎಲ್ಲವೂ ಹಾಗೆಯೇ. ಕಾಫಿ ಬಿಡುವು ಕೊಟ್ಟಾಗ. ಕಾಫಿ ಹೂವರಳಿಸುವ ಆ ಹೂಮಳೆಯ ಹೊತ್ತಿಗೆ ತೋಟದಲ್ಲಿ ಇರದ ಪ್ಲಾಂಟರನ್ನು ನಾನು ಕಂಡಿಲ್ಲ.

ಗೆಳತಿ ನನ್ನನ್ನು ಒಳಗೆ ಕರೆದಳು. "ಹೋಗ್ಲಿ ಬಿಡೆ, ಇವರೆಲ್ಲ ಬಂದ್ರೇ ಗ್ರೂಪ್ ಆಗೋದು. ಈ ಮಂಡಿ ಇಟ್ಕೊಂಡು ಒಬ್ಬಳೇ ಹೋಗ್ಲಾ? ಹೂವಿಲ್ಲದಿದ್ರೆ ಬೇಡ. ಗಿಡ ಮುಟ್ಟಿ ಬರ್ತೀನಿ."

ಹೂವಿರುವುದಿಲ್ಲ ಎನ್ನುವಷ್ಟು ನಮಗಿಬ್ಬರಿಗೂ ಹೊಳೆಯಿತು. ಚಳಿಗಾಲದಲ್ಲಿ ಅಲ್ಲಿ ತೋಟಕ್ಕೇ ಬೀಗ ಹಾಕುತ್ತಾರೆ ಎನ್ನುವುದು ಹೊಳೆಯಲಿಲ್ಲ. ನಮಗೆ ತೋಟವೆಂದರೆ ಹೂವಿದ್ದರೂ ಹಣ್ಣಿದ್ದರೂ ಬರೀ ಎಲೆಯಿದ್ದರೂ ತೋಟ. ಗೇಟಿನಲ್ಲಿ ನಿಂತು "ಯಾರಿದ್ದೀರಿ?" ಎಂದು ಕೂಗಿದರೆ ನಾಯಿ ಬೊಗಳುತ್ತದೆ, ನಾಯಿಯ ಹಿಂದೆ ಒಬ್ಬರು ಬರುತ್ತಾರೆ.

ಮುಂದಿನ ಝೂಮ್‌ನಲ್ಲಿ ಕಂಪನಿಯ ಹೆಂಗಸು, "ಫೆಬ್ರವರಿ? ಆರ್ ಯೂ ಕ್ವೈಟ್ ಶೂರ್?" ಎಂದಳು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, ನಾವು ಗುಡ್ಡದ ಜನ, ಚಳಿ ನಮಗೇನು ಹೊಸದಲ್ಲ ಎಂದೆ. ಅವಳು ಫೆಬ್ರವರಿ ಎಂದೇ ಬರೆದುಕೊಂಡಳು. ಮರ್ಯಾದಸ್ಥ ಜನ, ಗಿರಾಕಿ ಶೂರ್ ಎಂದರೆ ಮತ್ತೆ ಕೇಳುವುದಿಲ್ಲ. ಅವಳು ಗೊತ್ತುಮಾಡಿದ ಅರಮನೆ, ಅಬ್ಬೆ ಎನ್ನುವ ಹಳೇ ಚರ್ಚು, ಮ್ಯೂಸಿಯಂ ಎಲ್ಲ ಚಳಿಗಾಲದಲ್ಲೂ ತೆರೆದಿರುವಂಥವು. ಡಾರ್ಸೆಟ್‌ನ ತೋಟ ಅವಳ ಪಟ್ಟಿಯಲ್ಲಿರಲಿಲ್ಲ. ಅದು ಗೆಳತಿಗೋಸ್ಕರ ನಾನೇ ಸೇರಿಸಿದ್ದು, ಫ್ರೀ ಡೇಯಲ್ಲಿ ಬೇರೆ ಟ್ಯಾಕ್ಸಿ ಮಾಡಿಕೊಂಡು ಹೋಗುವ ಹಾಗೆ. ಏನಿದೆ, ತೆರೆದಿರುತ್ತದೆಯೇ ಎಂದು ಟ್ರಸ್ಟಿಗೆ ಒಂದು ಸಾಲು ಬರೆದು ಕೇಳಬಹುದಿತ್ತು. ಇಂಗ್ಲಿಷ್ ಬಲ್ಲವಳು ಎಂದೇ ನನ್ನನ್ನು ಕೂರಿಸಿದ್ದು.

ನಾನು ಹೋಗಲಿಲ್ಲ. ಸೊಂಟದ ಆಪರೇಷನ್ ಆಗಿ ಹೆಚ್ಚು ದಿನವಾಗಿರಲಿಲ್ಲ. ಫೋಟೋಗಳು ಬರುತ್ತಿದ್ದವು: ಅರಮನೆಯ ಮುಂದೆ ಮಂಕಿ ಕ್ಯಾಪ್ ಹಾಕಿದ ಹೊಂಗಡಹಳ್ಳದವರು, ಚರ್ಚಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವ ಅವರ ಹೆಂಡತಿ. ಏಜೆಂಟ್ ಅಲ್ಲಿಂದಲೇ, "ಸೂಪರ್ ಐತೆ ಮಿಸ್, ಎಲ್ರೂ ಖುಷಿ" ಎಂದು ವಾಯ್ಸ್ ಮೆಸೇಜ್ ಹಾಕಿದ.

ಫ್ರೀ ಡೇಯ ಸಂಜೆ, ಅಲ್ಲಿ ಇನ್ನೂ ಬೆಳಗ್ಗೆ, ಗೆಳತಿ ವೀಡಿಯೋ ಕಾಲ್ ಮಾಡಿದಳು. ಮೂಗು ಕೆಂಪಾಗಿತ್ತು.

"ಗೇಟ್ ಹಾಕಿದೆ ಕಣೆ."

"ಕೂಗು" ಎಂದೆ.

ಅವಳು ಫೋನನ್ನು ಎದೆಗೊತ್ತಿಕೊಂಡು, ವನಗೂರಿನ ಗುಡ್ಡಕ್ಕೆ ಕೇಳುವಂತೆ ಕೂಗಿದಳು: "ಯಾರಿದ್ದೀರೀ? ಹಲೋ! ಎನಿಬಡಿ ದೇರ್?"

ಕಾಗೆ ಕೂಗಿದ್ದು ಕೇಳಿಸಿತು. ಆಮೇಲೆ ಟ್ಯಾಕ್ಸಿಯವನು ಏನೋ ಹೇಳಿದ. ಅವಳು ಬೋರ್ಡ್ ಓದಿದಳು: ಚಳಿಗಾಲಕ್ಕೆ ಮುಚ್ಚಿದೆ, ಈಸ್ಟರ್‌ಗೆ ತೆರೆಯುತ್ತದೆ.

"ಕಾಣುತ್ತಾ?" ಎಂದೆ.

ಫೋನನ್ನು ಕಂಬಿಗಳ ನಡುವೆ ಹಿಡಿದಳು. ಒದ್ದೆ ಮಣ್ಣು, ದೂರದಲ್ಲಿ ಇಟ್ಟಿಗೆಯ ಗೋಡೆ, ಅದಕ್ಕೆ ತಂತಿಯಲ್ಲಿ ಕಟ್ಟಿದ ಕಪ್ಪು ಕಡ್ಡಿಗಳು. "ಅದರಲ್ಲಿ ಯಾವುದೋ ಒಂದು" ಎಂದಳು. "ಎಲ್ಲಾ ಕಡ್ಡಿ ಕಣೆ. ಅಷ್ಟು ದೂರದಿಂದ ಯಾವುದು ಅಂತ ಹೇಳ್ಲಿ?" ಫೋನನ್ನು ಕಂಬಿಯಿಂದ ಈಚೆಗೆ ಎಳೆದುಕೊಂಡಳು. ಆಮೇಲೆ, "ಚಳಿ ಕಣೆ, ಕೈ ಮರಗಟ್ತು" ಎಂದು ಕಾಲ್ ಕಟ್ ಮಾಡಿದಳು.

ತಿರುಗಿ ಬಂದಮೇಲೆ ಅದನ್ನು ತಮಾಷೆ ಮಾಡಿ ಎಲ್ಲರಿಗೂ ಹೇಳಿದಳು. ಅಷ್ಟು ದೂರ ಹೋಗಿ ಗೇಟಿಗೆ ನಮಸ್ಕಾರ ಮಾಡಿ ಬಂದೆ ಎಂದು. ನನ್ನೊಬ್ಬಳ ಹತ್ತಿರ ಮಾತ್ರ, "ಬರೋ ಜೂನ್‌ಗೆ ನಾವಿಬ್ಬರೇ. ತೋಟ, ಔಷಧಿ ಎಲ್ಲ ಹಾಳಾಗಿ ಹೋಗ್ಲಿ" ಎಂದಳು. ನಾನು ಪಾಸ್‌ಪೋರ್ಟ್ ಮಾಡಿಸಿದೆ. ಆ ಜೂನ್ ಬರುವುದರೊಳಗೆ ಅವಳಿಗೆ ಎದೆನೋವು ಬಂತು. ಮಂಗಳೂರಿನಲ್ಲಿ ಸ್ಟೆಂಟ್ ಹಾಕಿದರು. ಇನ್ನು ಅಷ್ಟು ದೂರದ ವಿಮಾನ ಬೇಡವೇ ಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಒಬ್ಬಳೇ ಹೋಗಿ ನೋಡಿ ಬಾ ಎಂದು ಅವಳು ಎಷ್ಟು ಹೇಳಿದರೂ ನನಗೆ ಮನಸ್ಸು ಬರಲಿಲ್ಲ.

ಏಜೆಂಟ್ ಈಗ ಚೆನ್ನಾಗಿದ್ದಾನೆ. ಹಾಸನದ ರಿಟೈರ್ಡ್ ಬ್ಯಾಂಕಿನವರು, ಮೇಷ್ಟ್ರುಗಳು ಅವನ ಜೂನ್ ಟೂರ್‌ಗೆ ಹೋಗುತ್ತಾರೆ. ಕಾಫಿ ತೋಟ ಇಲ್ಲದವರಿಗೆ ಜೂನ್ ಆದರೇನು? ಡಾರ್ಸೆಟ್‌ನ ಆ ತೋಟವನ್ನು ಅವನು ಐಟಿನರಿಯಲ್ಲೇ ಸೇರಿಸಿಬಿಟ್ಟಿದ್ದಾನೆ, ಎಲ್ಲರೂ ಮೆಚ್ಚುತ್ತಾರಂತೆ. ಗೇಟು ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂದು ಈಗ ನಾನು ಪ್ರತಿಯೊಂದು ಜಾಗಕ್ಕೂ ಮೇಲ್ ಹಾಕಿ ಕೇಳುತ್ತೇನೆ. ಕಳೆದ ಜೂನ್‌ನಲ್ಲಿ ಅವನು ಅಲ್ಲಿಂದ ಒಂದು ವೀಡಿಯೋ ಕಳಿಸಿದ. "ನಿಮ್ಮ ಫ್ರೆಂಡ್‌ಗೆ ತೋರ್ಸಿ ಮಿಸ್. ಏನ್ ಹೂವು ಅಂತೀರಾ!"

ಬಾಡಿಗೆ ಜೀಪ್ ಮಾಡಿಕೊಂಡು ವನಗೂರಿಗೆ ಹೋದೆ. ಗೆಳತಿ ಜಗಲಿಯಲ್ಲಿ ಕೂತು ತೋಟದ ಲೆಕ್ಕ ಬರೆಯುವ ರೈಟರ್‌ಗೆ ಬೈಯುತ್ತಿದ್ದಳು. ನನ್ನನ್ನು ಕಂಡು ಅವನನ್ನು ಕಳಿಸಿದಳು. ನಾನು ಫೋನ್ ತೆಗೆದು, ಇದು ಆ ಗೋಡೆ ಎಂದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಕೆಳಗೆ ಒತ್ತಿದಳು.

"ಬೇಡ ಮಾರಾಯ್ತಿ."

"ಒಂದೇ ನಿಮಿಷ."

"ದೊರೆಸಾನಿ ಬಂದು ನೋಡು ಅಂದ್ರು. ಬರ್ತೀನಿ ಅಂದೆ. ಹೋದೆ, ಗೇಟ್ ಹಾಕಿತ್ತು. ಅಲ್ಲಿಗೆ ಅದು ಮುಗೀತು. ಈಗ ಇಲ್ಲಿ ಕೂತು ಇದರಲ್ಲಿ ನೋಡಿದ್ರೆ ನೋಡಿದ ಹಾಗಾ?"

ನಾನು ಫೋನ್ ಬ್ಯಾಗಿಗೆ ಹಾಕಿದೆ. ತಪ್ಪಾಯಿತು ಎನ್ನಬೇಕೆಂದುಕೊಂಡೆ. ಅವಳು ಅದಕ್ಕೆ ಎಡೆ ಕೊಡದೆ ಈ ಸಲದ ಕಾಯಿ ಕಟ್ಟಿದ್ದು, ಆಳುಗಳು ಸಿಗದಿರುವುದು, ಎಲ್ಲ ಹೇಳತೊಡಗಿದಳು. ಕಾಫಿ ಬಂತು, ಕುಡಿದೆವು. ನಾನು ಹೊರಡಲು ಎದ್ದಾಗ, ಬೇರೆಲ್ಲೋ ನೋಡುತ್ತಾ ಕೇಳಿದಳು:

"ನೀನು ನೋಡಿದೆಯಾ?"

"ನೋಡಿದೆ."

"ಬಿಳೀದೇ ತಾನೇ?"

"ಬಿಳಿ. ನಡುವೆ ಸ್ವಲ್ಪ ಹಳದಿ."

"ಹಾಗೇ ಅಂದಿದ್ರು." ಖಾಲಿ ಕಪ್ಪುಗಳನ್ನು ಒಂದೆಡೆ ಸೇರಿಸುತ್ತಾ, "ವಾಸನೆ ತುಂಬ ಜೋರು, ಮನೆ ಒಳಗೆಲ್ಲ ಬರುತ್ತೆ ಅಂತಿದ್ರು. ಅದು ಫೋನಲ್ಲಿ ಗೊತ್ತಾಗಲ್ಲ, ಅಲ್ವಾ?" ಎಂದಳು.

"ಗೊತ್ತಾಗಲ್ಲ ಕಣೆ" ಎಂದೆ.