ಹಳೆ ಡಿಸ್ಕಿನೊಳಗಿನ ಕಾರಹುಣ್ಣಿಮೆ

ನಮ್ಮ ಅಡುಗೆಮನೆಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಪೆಟ್ಟಿಗೆ ಇದೆ. ಅದರಲ್ಲಿ ಕಂಪ್ಯೂಟರ್ ಇಲ್ಲ, ಬಳ್ಳೊಳ್ಳಿ ಇದೆ. ಹಿಂದೆ ಮುಂದೆ ತೂತುಗಳಿರುವುದರಿಂದ ಗಾಳಿ ಆಡುತ್ತದೆ, ಬಳ್ಳೊಳ್ಳಿ ಕೆಡುವುದಿಲ್ಲ ಎಂದು ನನ್ನಾಕೆ ಕಂಡುಹಿಡಿದಿದ್ದಾಳೆ. ಬಂದವರೆಲ್ಲ ಆಕೆಯ ಬುದ್ಧಿಯನ್ನು ಹೊಗಳುತ್ತಾರೆ. ಪೆಟ್ಟಿಗೆ ಹೊತ್ತು ತಂದವನ ಹೆಸರು ಯಾರೂ ಎತ್ತುವುದಿಲ್ಲ. ಇರಲಿ. ಇವತ್ತು ಮುಂಜಾನೆ ಒಗ್ಗರಣೆಗೆಂದು ಆಕೆ ಅದರ ಬಾಗಿಲು ತೆಗೆದಾಗ ಘಾಟು ಮೂಗಿಗೆ ಬಡಿಯಿತು, ನನಗೆ ಫಕೀರಪ್ಪ ನೆನಪಾದ. ಬಳ್ಳೊಳ್ಳಿಗೂ ಫಕೀರಪ್ಪನಿಗೂ ಏನು ಸಂಬಂಧ ಎನ್ನುತ್ತೀರಿ? ಹೇಳುತ್ತೇನೆ, ಕೂಡ್ರಿ.

ಫಕೀರಪ್ಪ ನನ್ನ ಬಾಜು ಹೊಲದವ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಹಿಂದೆ ಹೊಲಕ್ಕೆ ಇಳಿದವ. ಹೊತ್ತು ಹುಟ್ಟುವ ಮೊದಲೇ ನನ್ನ ಎತ್ತುಗಳು ಹೊಲದಲ್ಲಿ ಇರುತ್ತಿದ್ದವು. ಫಕೀರಪ್ಪ ಚಹಾ ಕುಡಿದು, ಎಲೆಯಡಿಕೆ ಹಾಕಿ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿ ಬರುವವ. ಆದರೂ ಅವನ ಮೆಣಸಿನಕಾಯಿ ನನ್ನದಕ್ಕಿಂತ ಕೆಂಪು, ಅವನ ಎತ್ತು ನನ್ನದಕ್ಕಿಂತ ಮೈದುಂಬಿ. ಅವನ ಬದುವಿನ ಬೇವಿನ ಗಿಡದ ನೆರಳು ಮಧ್ಯಾಹ್ನ ನನ್ನ ಹೊಲದೊಳಗೆ ಬೀಳುತ್ತದೆ. ಅದೇ ನೆರಳಿನಲ್ಲಿ ಕೂತು ಬುತ್ತಿ ಉಣ್ಣುವಾಗಲೂ ನನಗೆ ಒಳಗೆ ಉರಿಯುತ್ತಿತ್ತು, ನೆರಳು ಅವನದಲ್ಲವೇ ಎಂದು.

ಇಷ್ಟಾದರೆ ಸಹಿಸಬಹುದಿತ್ತು. ಹತ್ತು ಹನ್ನೆರಡು ವರ್ಷದ ಹಿಂದಿನ ಕಾರಹುಣ್ಣಿಮೆ ಬಂತು. ಆ ಸಂಜೆ ನಮ್ಮ ಕಡೆ ಊರ ಅಗಸಿ ಬಾಗಿಲಿಗೆ ಅಡ್ಡಲಾಗಿ ಬೇವಿನ ತೊಪ್ಪಲು ಕಟ್ಟಿದ ಹಗ್ಗ ಬಿಗಿಯುತ್ತಾರೆ, ಅದೇ ಕರಿ. ಕೋಡಿಗೆ ಬಣ್ಣ ಬಳಿದ ಎತ್ತುಗಳನ್ನು ಓಡಿಸುತ್ತಾರೆ. ಕೆಂಪು ಎತ್ತು ಮೊದಲು ಕರಿ ಹರಿದರೆ ಮುಂಗಾರಿ ಬೆಳೆ ಚಲೋ, ಬಿಳಿ ಎತ್ತು ಹರಿದರೆ ಹಿಂಗಾರಿ ಜೋಳ ಚಲೋ. ಅವತ್ತು ನನ್ನ ಬಿಳಿಯನ ಬಾಜೂಕ್ಕೆ ನಾನು ಹಗ್ಗ ಹಿಡಿದು ಓಡಿದೆ. ಫಕೀರಪ್ಪನ ಕೆಂದನನ್ನು ಅವನ ಅಣ್ಣ ನಿಂಗಣ್ಣ ಓಡಿಸಿದ. ಎರಡೂ ಒಟ್ಟಿಗೇ ಅಗಸಿಗೆ ನುಗ್ಗಿದವು, ಧೂಳೆದ್ದಿತು, ಕರಿ ಹರಿಯಿತು. ಹಿರಿಯರು ಗಡ್ಡ ಕೆರೆದುಕೊಂಡು, “ಕೆಂದ ಹರೀತು” ಎಂದರು.

“ನಂದ ಹರದೈತ್ರಿ! ನಾ ಕಣ್ಣಾರೆ ನೋಡೇನಿ!” ಎಂದು ನಾನು ಗಂಟಲು ಹರಿದುಕೊಂಡೆ. ಬಿಳಿಯನ ಕೋಡಿಗೆ ಬೇವಿನ ಎಸಳು ಸಿಕ್ಕಿತ್ತು, ಅದನ್ನೂ ತೋರಿಸಿದೆ. “ಬೇವು ಎಲ್ಲಾ ಎತ್ತಿಗೂ ಸಿಕ್ಕೈತಿ, ಸುಮ್ನಿರೋ” ಎಂದರು. ಹಲಗೆ ಬಡಿತ ಫಕೀರಪ್ಪನ ಮನೆ ಕಡೆ ಹೋಯಿತು. ಆ ವರ್ಷ ಮುಂಗಾರಿ ಹೆಸರುಕಾಳು ಭರ್ಜರಿ ಬರಬೇಕೇ! ಅಂದಿನಿಂದ ಅವನು ‘ಕರಿ ಹರದ ಫಕೀರಪ್ಪ’. ಗುಡಗೇರಿ ಸಂತೆಯಲ್ಲಿ ದಲಾಲರೂ ಹಾಗೆಯೇ ಕೂಗುತ್ತಾರೆ. ನಾನು ಬಾಜೂಕ್ಕೆ ನಿಂತಿರುತ್ತೇನೆ. ಮುಂದಿನ ವರ್ಷ ನಿಂಗಣ್ಣ ತೀರಿಕೊಂಡ. ಆಮೇಲೆ ಕೆಂದನೂ ಹೋದ, ಬಿಳಿಯನೂ ಹೋದ. ಹೆಸರು ಮಾತ್ರ ಹೋಗಲಿಲ್ಲ.

ಹೋದ ಬೇಸಿಗೆಯಲ್ಲಿ ಫೋಟೋ ತೆಗೆಸಲು ಕುಂದಗೋಳದ ಇಮಾಮಸಾಬನ ಸ್ಟುಡಿಯೋಕ್ಕೆ ಹೋದೆ. ಸುಣ್ಣ ಬಳಿಸಲೆಂದು ಅವನು ಹಳೆ ಸಾಮಾನನ್ನೆಲ್ಲ ಹೊರಗೆ ಹಾಕುತ್ತಿದ್ದ. ಅದರಲ್ಲಿ ಈ ಪೆಟ್ಟಿಗೆಯೂ ಇತ್ತು.

“ಸಿಡ್ಲು ಬಿದ್ದು ಕೆಟ್ಟಿದ್ದ ನೋಡ್ರಿ ಇದು,” ಎಂದ. “ನೀವು ಜಗಳಾ ತಗದ ವರ್ಷ ನಿಮ್ಮೂರ ಕರಿ ಹರಿಯೂದನ್ನ ವಿಡಿಯೋ ಮಾಡಿದ್ನೆಲ್ರಿ, ಅದೂ ಇದರಾಗ ಇತ್ತು. ಯಾರೂ ನೋಡೂಕಿಂತ ಮದಲ ಹೋತು.”

ನಾನು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ. “ಅದೂ ಸುಟ್ಟು ಹೋತೇನ್ರಿ?”

“ಸುಟ್ಟಿದ್ದು ಬೋರ್ಡು. ಒಳಗಿನ ಡಿಸ್ಕ್ ಚಲೋ ಇದ್ರೂ ಇರಬಹುದು. ತಗದು ಹೊಸಾ ಮಷಿನ್ನಿಗೆ ಜೋಡಿಸಿ ನೋಡಬೇಕ. ಯಾರೂ ಕೇಳ್ಲಿಲ್ಲ, ನಾನೂ ಗೋಜಿಗೆ ಹೋಗಲಿಲ್ಲ.”

ಬಾವಿ ಕುಸಿದರೆ ಮೋಟಾರು ಎತ್ತಿ ಬೇರೆ ಬಾವಿಗೆ ಇಳಿಸುವುದಿಲ್ಲವೇ, ಅಂಥದ್ದೇ ಕೆಲಸ. “ನಾಳೆ ಬರ್ತೇನಿ. ಅಲ್ಲೀತನಾ ಕೈ ಹಚ್ಚಬ್ಯಾಡ್ರಿ,” ಎಂದು ಹೇಳಿ ಬಂದೆ. ಒಬ್ಬನೇ ನೋಡಿದರೆ ಏನು ಸುಖ? ಫಕೀರಪ್ಪನ ಮುಖ ಸಣ್ಣದಾಗುವುದನ್ನು ನೋಡಬೇಕಿತ್ತು.

ಮರುದಿನ ಮುಂಜಾನೆ ಅವನ ಮನೆ ಮುಂದೆ ಬೈಕು ನಿಲ್ಲಿಸಿ ಕೂಗಿದೆ: “ನಡೀಲೇ ಫಕೀರಾ, ಕುಂದಗೋಳಕ್ಕ ಹೋಗೂಣು. ಇವತ್ತ ನೀ ಕರಿ ಹರದ ಬಂಡವಾಳ ಹೊರಗ ಬೀಳತೈತಿ.”

“ಬೀಳಲಿ ಬಿಡಪಾ. ಮಿರ್ಚಿ ತಿನಸ್ತಿ ಹೌದಲ್ಲೋ?” ಎನ್ನುತ್ತ ಗಾಡಿ ಹತ್ತಿದ. ದಾರಿಯುದ್ದಕ್ಕೂ ನನ್ನ ಬೆನ್ನಿಗೆ ತಲೆ ಕೊಟ್ಟು ತೂಕಡಿಸಿದ. ಹಾಗೆ ನಿದ್ದೆ ಬರುವ ಪುಣ್ಯವೂ ಅವನಿಗೇ.

ಇಮಾಮಸಾಬ ಪೆಟ್ಟಿಗೆಯ ಸ್ಕ್ರೂ ಬಿಚ್ಚಿ, ಧೂಳು ಊದಿ, ಅಂಗೈ ಅಗಲದ ಒಂದು ಡಬ್ಬಿ ತೆಗೆದ. ಸಣ್ಣದಾದರೂ ತೂಕವಾಗಿತ್ತು.

“ಇಷ್ಟರಾಗ ನಮ್ಮೂರ ಅಗಸಿ ಕುಂತೈತೇನ್ರಿ?” ಎಂದ ಫಕೀರಪ್ಪ.

“ಅರ್ಧಾ ತಾಲೂಕಿನ ಮದಿವಿ ಕುಂತಾವ್ರಿ.”

ಹಳೆಯದರ ವೈರು ಪಟ್ಟಿಯಂತೆ ಅಗಲ, ಹೊಸ ಮಷಿನ್ನಿನದು ಸಣ್ಣದು. ನಡುವೆ ಒಂದು ಜೋಡಣೆಯ ತುಂಡು ಸಿಕ್ಕಿಸಿ ಬಟನ್ ಒತ್ತಿದ. ಡಬ್ಬಿ ಒಳಗೆ ಕಟ್ ಕಟ್ ಎಂದಿತು.

“ಏನ್ರಿ ಇದು, ಹಲ್ಲ ಕಡ್ಯಾಕತ್ತೈತಿ!” ಎಂದೆ.

“ನೀನೂ ಅದನ್ನ ಮಾಡಾಕತ್ತಿದಿ,” ಎಂದ ಫಕೀರಪ್ಪ.

ಕಟಕಟ ನಿಂತು ಸಣ್ಣ ಗುಂಯ್‌ಗುಟ್ಟುವಿಕೆ ಶುರುವಾಯಿತು. ಪರದೆಯ ಮೇಲೆ ಊರಿನ ಹೆಸರುಗಳು ಮೂಡಿದವು. ನಮ್ಮದೂ ಮೂಡಿತು.

ಇಮಾಮಸಾಬ ಅಗಸಿಯ ಒಳಗೆ ನಿಂತು ಹಿಡಿದಿದ್ದರಿಂದ ಓಡಿ ಬರುವವರ ಮುಖಗಳೆಲ್ಲ ಕಾಣುತ್ತಿದ್ದವು. ಬಂತು ಧೂಳು, ಬಂದವು ಎತ್ತುಗಳು. “ನಿಂದ್ರಸ್ರಿ!” ಎಂದು ಒದರಿದೆ. ಚಿತ್ರ ನಿಂತಿತು. ಬಿಳಿಯನ ಎದೆ ಹಗ್ಗಕ್ಕೆ ತಾಗಿ ಹಗ್ಗ ಎರಡು ತುಂಡಾಗಿತ್ತು. ಕೆಂದ ಒಂದು ಗೇಣು ಹಿಂದಿದ್ದ.

“ನೋಡಲೇ! ಈಗರೆ ಹೇಳಲೇ!”

“ಹೌದಪಾ, ನಿಂದ ಹರದೈತಿ. ಖರೇನ,” ಎಂದ ಫಕೀರಪ್ಪ, ಮಿರ್ಚಿ ತಿನ್ನುವಾಗ ಒಂದನ್ನು ನನ್ನ ಕಡೆ ಸರಿಸುವಷ್ಟು ಸಲೀಸಾಗಿ. ಅವನ ಕಣ್ಣು ಹಗ್ಗದ ಮೇಲೆ ಇರಲೇ ಇಲ್ಲ. “ಇಮಾಮಸಾಬರ, ಸ್ವಲ್ಪ ಹಿಂದ ಹಾಕ್ರಿ. ಅಣ್ಣ ನಗೂದ ಮತ್ತೊಮ್ಮೆ ತೋರಸ್ರಿ. ಗ್ವಾಡಿ ಮ್ಯಾಲಿನ ಫೋಟೋದಾಗ ಅಗದಿ ಬಿಗದ ಕುಂತಾನ ಅವ.”

ಪರದೆಯಲ್ಲಿ ನಿಂಗಣ್ಣ ಧೋತರ ಎತ್ತಿ ಕಟ್ಟಿ, ತಲೆಯ ಪಟಗ ಜಾರುತ್ತಿದ್ದರೂ ಲೆಕ್ಕಿಸದೆ ನಗುತ್ತ ಓಡಿ ಬಂದ. ಹಿಂದೆ ಹಾಕಿದಷ್ಟೂ ಸಲ ಓಡಿ ಬಂದ. ಫಕೀರಪ್ಪ ಮೂಗು ಒರೆಸಿಕೊಳ್ಳುತ್ತ ತಾನೂ ನಗುತ್ತಿದ್ದ. ಇಷ್ಟು ವರ್ಷ ಕಾದ ಗೆಲುವು ನನ್ನ ಕೈಗೆ ಬಂದಿತ್ತು, ಆದರೆ ಸೋತವನೇ ಸಿಗಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗಲೂ ನನಗೆ ಅವನ ಮೇಲೆ ಹೊಟ್ಟೆಕಿಚ್ಚೇ ಆಯಿತು. ಆ ಧೂಳಿನಲ್ಲಿ ನೋಡಲು ಅವನಿಗೆ ಒಬ್ಬನಿದ್ದ.

ಅಷ್ಟರಲ್ಲಿ ಅವನೇ ಕೇಳಿದ: “ಲೇ, ಅಲ್ಲಿ ನೀ ಯಾ ಕಡೆ ನೋಡಾಕತ್ತೀಯೋ?”

ಆಗಲೇ ನಾನು ನನ್ನನ್ನು ಹುಡುಕಿದ್ದು. ಹಗ್ಗ ಹಿಡಿದು ಓಡುತ್ತಿದ್ದೇನೆ. ನನ್ನ ಎತ್ತು ಕರಿ ಹರಿಯುತ್ತಿದೆ. ನನ್ನ ಕುತ್ತಿಗೆ ಮಾತ್ರ ಪೂರ್ತಿ ಆ ಕಡೆ ಹೊರಳಿ, ಕಣ್ಣು ಕೆಂದನ ಮೇಲೆ ನೆಟ್ಟಿದೆ.

“ಬಿಸಲ ಕಣ್ಣಿಗೆ ಹೊಡೀತಿತ್ತು,” ಎಂದೆ.

“ಹೊತ್ತು ನಿಮ್ಮ ಬೆನ್ನಿಗಿತ್ತಲ್ರಿ,” ಎಂದ ಇಮಾಮಸಾಬ.

ಆ ವಿಡಿಯೋವನ್ನು ಅವನು ನನ್ನ ಮೊಬೈಲಿಗೂ ಹಾಕಿಕೊಟ್ಟ. ಬರಿದಾದ ಪೆಟ್ಟಿಗೆಯನ್ನು ಪುಕ್ಕಟೆ ಕೊಟ್ಟ. ಊರಿನಲ್ಲಿ ನಾನು ಇನ್ನೂ ಯಾರಿಗೂ ಹೇಳಿಲ್ಲ. ಫಕೀರಪ್ಪ ಈಗಲೂ ಕರಿ ಹರಿದವನೇ. ನನ್ನದೇನೂ ದೊಡ್ಡ ಮನಸ್ಸಲ್ಲ. ಹೇಳಿದರೆ ತೋರಿಸು ಎನ್ನುತ್ತಾರೆ, ತೋರಿಸಿದರೆ ನನ್ನ ಮುಖ ನೋಡುತ್ತಾರೆ.

ಇವತ್ತು ರೊಟ್ಟಿ ತಿಂದು ಕಟ್ಟೆಗೆ ಕೂತು ಮೊಬೈಲು ತೆಗೆದೆ. ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ಕಣ್ಣು ಆ ತಿರುಗಿದ ಕುತ್ತಿಗೆಗೇ ಹೋಗುತ್ತದೆ. ಈ ಸಲ ಹೆಬ್ಬೆರಳಿನಿಂದ ನನ್ನ ಮುಖ ಮುಚ್ಚಿ ಹಿಡಿದೆ. ಬಿಳಿಯ ಬಂದ, ಕೋಡು ಬಗ್ಗಿಸಿ, ಬಾಯಲ್ಲಿ ನೊರೆ ಸುರಿಸುತ್ತ. ಎಷ್ಟು ಚಂದ ಓಡುತ್ತಿದ್ದ! ನನ್ನ ಎತ್ತು ಓಡಿದ್ದನ್ನು ನಾನು ಅವತ್ತು ನೋಡಿರಲೇ ಇಲ್ಲ.