ಹೇಮಾವತಿಯ ಹಾಡಿನೊಳಗೆ ಈರಕ್ಕನ ಕೋಳಿ

ಅಜ್ಜಂಪುರದ ಸುತ್ತಿನ ಹಳ್ಳಿಗಳಲ್ಲಿ ಗಂಡಿನ ಕಡೆಯವರಿಗೆ ಓಲಗದವರು ಸಿಗದಿದ್ದರೂ ಮದುವೆ ನಡೆದೀತು, ಈರಕ್ಕ ಸಿಗದಿದ್ದರೆ ಚಪ್ಪರಕ್ಕೆ ಕಳೆಯೇ ಇಲ್ಲ. ಧಾರೆ ಮುಗಿದ ಮೇಲೆ ಎರಡು ಕಡೆಯ ಹೆಂಗಸರು ಎದುರುಬದುರು ಕೂತು, ಹಾಡಿನಲ್ಲೇ ಒಬ್ಬರ ಮಾನ ಒಬ್ಬರು ಹರಾಜು ಹಾಕುವುದು ಈ ಸೀಮೆಯ ಪದ್ಧತಿ. ಬೈದವಳಿಗೂ ಬೈಸಿಕೊಂಡವಳಿಗೂ ಅದರಲ್ಲಿ ಮುನಿಸಿಲ್ಲ. ಈರಕ್ಕ ಅಂಥ ಹಾಡುಗಳನ್ನು ಈರುಳ್ಳಿ ಹೊಲದಲ್ಲಿ ಕಳೆ ಕೀಳುತ್ತಾ ಕಟ್ಟುತ್ತಿದ್ದಳು. ಎಲ್ಲಕ್ಕಿಂತ ಹೆಸರಾದದ್ದು ಇದು:

ಹೋಳಿಗೆ ಎಂಟುಂಡು ಹಸಿವಿಲ್ಲ ಅಂದೋಳೆ
ಹಪ್ಪಳಕೆ ಯಾಕೆ ಅತ್ತೀಯೆ, ಬೀಗುತಿ
ಹೊಟ್ಟೆಯೊ ಇಲ್ಲ ಹಗೇವೊ

ರಾಗಿ ತುಂಬುವ ಹಗೇವಿಗೆ ಹೋಲಿಸಿಕೊಂಡ ಬೀಗಿತ್ತಿಯರು ಆಮೇಲೆ ಎಷ್ಟೋ ದಿನ ಹೋಳಿಗೆ ಕಂಡರೆ ಕೈ ಹಿಂದೆ ತೆಗೆಯುತ್ತಿದ್ದರು.

ಆ ಹಾಡು ಕೇಳಲೆಂದೇ ತರೀಕೆರೆಯಿಂದ ಹೇಮಾವತಿ ಬಂದಳು. ಜಾನಪದ ಗಾಯಕಿ ಎಂದು ಹೆಸರು ಮಾಡುತ್ತಿದ್ದವಳು. ಮನೆಯ ಮಹಡಿ ಕೋಣೆಯ ಗೋಡೆಗೆಲ್ಲ ಹಳೆಯ ಕಂಬಳಿ ಬಡಿದು, ಒಂದು ಮೈಕು, ಒಂದು ಕಂಪ್ಯೂಟರು ಇಟ್ಟು ಅದನ್ನೇ ಸ್ಟುಡಿಯೊ ಮಾಡಿಕೊಂಡಿದ್ದಳು. ಈರಕ್ಕ ಅವಳಿಗೆ ಬಿಸಿ ಮುದ್ದೆ, ಅವರೆಕಾಳು ಸಾರು ಬಡಿಸಿ, ಅಂಗಳದಲ್ಲಿ ಕೂತು ಹಾಡಿದಳು. ಹೇಮಾವತಿ ಮೊಬೈಲು ಹಿಡಿದು ರೆಕಾರ್ಡ್ ಮಾಡಿಕೊಂಡಳು. ನಡುವೆ ಒಂದು ಕೆಂಪು ಕೋಳಿ, ಒಣಹಾಕಿದ ರಾಗಿಗೆ ಬಾಯಿ ಹಾಕಿತು. ಈರಕ್ಕ ಎರಡನೆಯ ಸಾಲು ಮುಗಿಸಿ, "ಹುಷ್, ಹುಷ್" ಎಂದು ಅದನ್ನು ಓಡಿಸಿ, ರಾಗ ಕೆಡದಂತೆ ಮೂರನೆಯ ಸಾಲಿಗೆ ಹೋದಳು. ಹೊರಡುವಾಗ ಹೇಮಾವತಿ ಕಾಲಿಗೆ ಬಿದ್ದು, ಹಾಡು ಬಂದಾಗ ನಿಮ್ಮ ಹೆಸರೇ ಮೊದಲು ಎಂದಳು. ಈರಕ್ಕ ಮಡಿಲಿಗೆ ತೆಂಗಿನಕಾಯಿ ಹಾಕಿ ಕಳಿಸಿದಳು.

ಹಾಡು ಯೂಟ್ಯೂಬಿಗೆ ಬಂತು. ಹೆಸರು ಬರಲಿಲ್ಲ. ರಚನೆಯೂ ಹೇಮಾವತಿ, ರಾಗವೂ ಹೇಮಾವತಿ, ಗಾಯನವೂ ಹೇಮಾವತಿ. ಸೊಸೆ ಓದಿ ಹೇಳಿದಾಗ ಈರಕ್ಕ, ಮರೆತಿರಬೇಕು ಬಿಡು ಎಂದು ಸುಮ್ಮನಾಗಿದ್ದಳು. ಕಿಚ್ಚು ಹೊತ್ತಿದ್ದು ಆಮೇಲೆ, ಕಡೂರಿನ ಒಂದು ಮದುವೆಯಲ್ಲಿ. ಈರಕ್ಕ ಅದೇ ಹಾಡು ಎತ್ತಿದಾಗ ಹೆಣ್ಣಿನ ಕಡೆಯ ಹುಡುಗಿಯೊಬ್ಬಳು, ಪಾಪ, ಮೆಚ್ಚಿಯೇ ಹೇಳಿದಳು: "ಅಜ್ಜಿ, ಹೇಮಾವತಿ ಮೇಡಂ ಹಾಡನ್ನ ಮೊಬೈಲ್ ನೋಡ್ಕೊಂಡೇ ಎಷ್ಟು ಚೆನ್ನಾಗಿ ಕಲ್ತಿದೀರಿ."

ಚಪ್ಪರವೆಲ್ಲ ನಕ್ಕಿತು. ತಾನು ಹೆತ್ತ ಕೂಸನ್ನು ಎತ್ತಿಕೊಂಡರೆ, ಯಾರ ಮಗುವಮ್ಮ ಇದು ಎಂದು ಕೇಳಿದ ಹಾಗಾಯಿತು. ಈರಕ್ಕ ಹಾಡು ಅರ್ಧಕ್ಕೆ ನಿಲ್ಲಿಸಿದಳು, ಊಟಕ್ಕೂ ಕೂರಲಿಲ್ಲ. ಮನೆಗೆ ಬಂದು ಗಂಡ ಕರಿಯಪ್ಪನ ಮುಂದೆ, ಆ ಹಾಡು ಯಾರದು ಅಂತ ಅವಳ ಬಾಯಿಂದಲೇ ಹತ್ತು ಜನರ ಎದುರು ಕಕ್ಕಿಸುವುದಕ್ಕಲ್ಲದೆ ಇನ್ನು ಯಾವ ಚಪ್ಪರದಲ್ಲೂ ಬಾಯಿ ತೆರೆಯುವುದಿಲ್ಲ ಎಂದಳು. ಎಮ್ಮೆದೊಡ್ಡಿ ಹುಲ್ಲುಗಾವಲಿನ ಹೋರಿಯನ್ನಾದರೂ ಮೂಗುದಾರ ಹಾಕಿ ನಿಲ್ಲಿಸಬಹುದು, ಇವಳನ್ನು ಆಗದು ಎಂದು ಕರಿಯಪ್ಪನಿಗೆ ಗೊತ್ತಿತ್ತು. ಅವನು ಎಲೆಗೆ ಸುಣ್ಣ ಸವರಿಕೊಂಡ.

ಮೂರು ಮದುವೆಗಳಿಂದ ಕರೆ ಬಂತು. ಮೂರಕ್ಕೂ ಗಂಟಲು ಕಟ್ಟಿದೆ ಎಂದಳು. ಗಂಟಲು ಕಟ್ಟಿರಲಿಲ್ಲ, ಕುದಿಯುತ್ತಿತ್ತು.

ಕಡೂರಿನಲ್ಲಿ ತಂಗಿಯ ಮಗ ರಘು ಇದ್ದ. ಮದುವೆಗಳಿಗೆ ಮೈಕ್ ಸೆಟ್ ಹಾಕುವುದು, ಮನೆಯಲ್ಲಿ ಭಜನೆಯವರ ಹಾಡು ತಿದ್ದಿಕೊಡುವುದು ಅವನ ಕಸುಬು. ಯೂಟ್ಯೂಬಿನವರಿಗೆ ದೂರು ಕೊಡೋಣ, ಹೆಸರು ಬದಲಾಯಿಸುತ್ತಾರೆ ಎಂದ.

"ಹೆಸರು ಬದಲಾಯ್ಸೋಕೆ ಅದೇನು ಹೊಲದ ಖಾತೆ ಏನೋ?" ಎಂದಳು ಈರಕ್ಕ. "ಅರ್ಜಿ ಕೊಟ್ಟು ಈಸ್ಕೊಂಡ್ರೆ ಅವಳಿಗೆ ಉರಿಯಾಕಿಲ್ಲ ಕಣೋ. ಉರೀಬೇಕು."

ಹಾಡನ್ನೊಮ್ಮೆ ಸರಿಯಾಗಿ ಕೇಳಿಯಾದರೂ ನೋಡು ಎಂದು ರಘು ಅವಳ ತಲೆಗೆ ತನ್ನ ಹೆಡ್‌ಫೋನ್ ಹಾಕಿದ. ಕಿವಿಯ ಮೇಲೆ ಕೂರುವ ಅದರ ಬಟ್ಟಲುಗಳ ಬೆನ್ನಿಗೆ ಮುಚ್ಚಳವಿರಲಿಲ್ಲ, ಜರಡಿಯಂಥ ಜಾಲರಿ. ಒಂದು ಮೂಟೆ ಈರುಳ್ಳಿ ಮಾರಿದರೆ ಬರುವಂಥ ಸಾಮಾನು. ಆದರೆ ಹಾಕಿಕೊಂಡರೆ ಹಾಡು ಕಿವಿಯೊಳಗೆ ತುರುಕಿದಂತಿರಲಿಲ್ಲ, ಅಂಗಳದಲ್ಲಿ ಕೂತು ಕೇಳಿದಂತಿತ್ತು. ಹಾರ್ಮೋನಿಯಂ ಅಲ್ಲಿ, ತಮಟೆ ಇಲ್ಲಿ, ಎದುರಿಗೆ ಹೇಮಾವತಿ. ಎರಡನೆಯ ಸಾಲು ಮುಗಿದು ಎಲ್ಲವೂ ತಗ್ಗಿದ ಕಡೆ ಈರಕ್ಕನ ಬೆನ್ನು ನೆಟ್ಟಗಾಯಿತು. ಮತ್ತೆ ಹಾಕು ಎಂದಳು. ಮತ್ತೆ ಹಾಕಿದ. ಸೊಳ್ಳೆ ಗುಂಯ್‌ಗುಟ್ಟುವಷ್ಟು ಸಣ್ಣಗೆ, ಹಾಡಿನ ಹಿಂದೆ ಯಾರೋ ಕೋಳಿ ಓಡಿಸುತ್ತಿದ್ದರು. ಹುಷ್, ಹುಷ್.

"ಅದು ನಾನು ಕಣೋ," ಎಂದಳು.

ರಘು ತಾನೇ ಹಾಕಿಕೊಂಡು ಕೇಳಿದ. ಅವನ ಮುಖ ಅರಳಿತು. ಸ್ಟುಡಿಯೊ ಮಾಡಿಕೊಳ್ಳುವಾಗ ಹೇಮಾವತಿ ಇಂಥದೇ ಹೆಡ್‌ಫೋನನ್ನು ಅವನ ಮಾತು ಕೇಳಿಯೇ ಕೊಂಡಿದ್ದಳು. ಕೂತು ಕೇಳುವುದಕ್ಕೆ ಇದು, ಮೈಕಿನ ಮುಂದೆ ಹಾಡುವುದಕ್ಕೆ ಬೆನ್ನು ಮುಚ್ಚಿದ್ದು ಬೇರೆ ತಗೊಳ್ಳಿ ಎಂದು ಅವನು ಹೇಳಿದ್ದರೆ, ಕಿವಿ ಇರುವುದು ಎರಡೇ ಅಲ್ಲವಾ, ಒಂದೇ ಸಾಕು ಎಂದಿದ್ದಳು.

"ಇದರ ಸದ್ದು ಹೊರಗೂ ಸೋರ್ತದೆ, ದೊಡ್ಡವ್ವ," ಎಂದ. "ನಿನ್ನ ಹಾಡನ್ನ ಕಿವಿಯಾಗೆ ಕೇಳ್ಕೊಂಡು, ಅದರ ಜೊತೆಗೇ ಹಾಡವ್ಳೆ. ಕಿವಿಯಿಂದ ಸೋರಿದ್ದು ಮೈಕಿಗೆ ಬಿದ್ದೈತೆ."

ಈರಕ್ಕ ಅಂದು ತಂಗಿಯ ಮನೆಯಲ್ಲಿ ಹೊಟ್ಟೆ ತುಂಬ ಉಂಡಳು. ಹೊಲದಲ್ಲಿ ಮತ್ತೆ ಗುನುಗು ಶುರುವಾಯಿತು. ಏನು ಕಟ್ಟುತ್ತಿದ್ದೀಯೆ ಎಂದರೆ ಯಾರಿಗೂ ಹೇಳಲಿಲ್ಲ.

ಅಣ್ಣನ ಮೊಮ್ಮಗನ ಮದುವೆ ಅಜ್ಜಂಪುರದಲ್ಲಿ ಗೊತ್ತಾಯಿತು. ಹೆಣ್ಣು ತರೀಕೆರೆಯದು. ಅವರು ತಮ್ಮ ಕಡೆಯಿಂದ ಹಾಡಲು ಹೇಮಾವತಿಯನ್ನು ಕರೆತರುತ್ತಾರೆಂದು ತಿಳಿದದ್ದೇ, ಮೈಕ್ ಸೆಟ್ ರಘುವಿನದೇ ಆಗಬೇಕೆಂದು ಈರಕ್ಕ ಹಟ ಹಿಡಿದಳು. ಅಂದು ಹೇಮಾವತಿ ರೇಷ್ಮೆ ಸೀರೆಯುಟ್ಟು, ಮೈಕು ಹಿಡಿದು ಹೋಳಿಗೆಯ ಹಾಡನ್ನೇ ಹಾಡಿದಳು. ಜನ ಚಪ್ಪಾಳೆ ತಟ್ಟಿದರು. ಈರಕ್ಕನೂ ತಟ್ಟಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೈಕು ಬೇಡವೆಂದು ತಳ್ಳಿ, ಎತ್ತಿದಳು:

ಅಂಗಳಕೆ ಬಂದೋಳು ಹಾಡೊಂದ ಕದ್ದೋಳು
ಕೋಳಿಯ ಯಾಕೆ ಹೊತ್ತೊಯ್ದೆ, ಬೀಗುತಿ
ಹುಷ್ ಎಂದು ಓಡ್ಸೋಕೆ ನಾ ಬರಲೆ

ಹೆಂಗಸರು ಬಿದ್ದು ಬಿದ್ದು ನಕ್ಕರು. ಯಾರ ಹೆಸರೂ ಇರಲಿಲ್ಲ. ಸುಮ್ಮನಿದ್ದಿದ್ದರೆ ಹೇಮಾವತಿ ನಗುವಿನಲ್ಲಿ ಕೊಚ್ಚಿಕೊಂಡು ಹೋಗಿ ದಡ ಸೇರುತ್ತಿದ್ದಳು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳದಿರಲು ಆಗುತ್ತದೆಯೇ? ಎದ್ದು ನಿಂತಳು.

"ನನ್ನ ಹಾಡಲ್ಲಿ ಯಾವ ಕೋಳಿ ಇದೆ? ಬೇಕಾದ್ರೆ ಯಾರಾದ್ರೂ ಹಾಕಿ ಕೇಳ್ಲಿ."

ಈರಕ್ಕ ರಘುವಿನ ಕಡೆ ಬರೀ ಹುಬ್ಬು ಎತ್ತಿದಳು. ಅವನು ಆ ತುಣುಕನ್ನು ಮೊದಲೇ ತೆಗೆದು, ಸದ್ದು ಏರಿಸಿ ಇಟ್ಟಿದ್ದ. ಮಂಟಪದ ನಾಲ್ಕೂ ಮೂಲೆಯ ಸ್ಪೀಕರಿನಿಂದ ಹುಷ್, ಹುಷ್ ಎಂದು ಬಂತು. ಯುಗಾದಿ ಮರುದಿನದ ವರ್ಷತೊಡಕಿಗೆ ಸಾರಾಗಿ ಹೋಗಿದ್ದ ಕೋಳಿ ಮತ್ತೆ ಎದ್ದು ಬಂದಂತಾಯಿತು. ಅದರ ಹಿಂದೆಯೇ ಮೂರನೆಯ ಸಾಲು, ಹೇಮಾವತಿಯ ದನಿಗಿಂತ ಒಂದು ಹೆಜ್ಜೆ ಮುಂದೆ, ಈರಕ್ಕನ ಒಡಕು ಕಂಠದಲ್ಲಿ.

"ಅದು... ಹೆಡ್‌ಫೋನಿಂದ ಸೋರಿರ್ಬೇಕು," ಎಂದಳು ಹೇಮಾವತಿ.

"ಹೌದೇನವ್ವ. ಯಾರ ದನಿ ಸೋರಿದ್ದು?"

ಮಂಟಪದಲ್ಲಿ ಎಲೆ ಹಾಸುವವರೂ ಕೈ ನಿಲ್ಲಿಸಿದರು. ಹೇಮಾವತಿ ನೆಲ ನೋಡಿಕೊಂಡು, "ನಿಮ್ದು" ಎಂದಳು.

"ಗಟ್ಟಿಯಾಗಿ ಹೇಳು ತಾಯಿ. ಮೈಕು ನಿನ್ನ ಕೈಯಾಗೇ ಐತಲ್ಲ."

ಹೇಳಿದಳು. ಹಾಡೂ ಅವರದು, ದನಿಯೂ ಅವರದು ಎಂದು ಹೇಳಿದಳು.

ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಈರಕ್ಕ ಕರೆದ ಚಪ್ಪರದಲ್ಲೆಲ್ಲ ಅದನ್ನೇ ಹಾಡಿದಳು. ಆ ಕೋಳಿಯ ಪದ ತಿಂಗಳೊಪ್ಪತ್ತಿನಲ್ಲಿ ಬೀರೂರು ದಾಟಿ ತರೀಕೆರೆ ಮುಟ್ಟಿತು. ಹೇಮಾವತಿ ಎಲ್ಲಿ ಮೈಕು ಹಿಡಿದರೂ ಹಿಂದಿನ ಸಾಲಿನಿಂದ ಯಾರಾದರೂ ಹುಷ್ ಎನ್ನುತ್ತಿದ್ದರು. ಕೊನೆಗೆ ಅವಳು ಹಣ್ಣು, ಹೂವು ಹಿಡಿದು ಈರಕ್ಕನ ಅಂಗಳಕ್ಕೆ ಬಂದು, ಹೆಸರು ಹಾಕಿದ್ದೇನೆ, ಬೇಡವೆಂದರೆ ಹಾಡನ್ನೇ ತೆಗೆದುಹಾಕುತ್ತೇನೆ, ಆ ಪದ ಮಾತ್ರ ಇನ್ನು ಹಾಡಬೇಡಿ ಎಂದು ಬೇಡಿಕೊಂಡಳು.

ಈರಕ್ಕ ಕೂರು ಎನ್ನಲಿಲ್ಲ. "ತೆಗೀಬ್ಯಾಡ ಕಣವ್ವ. ಇರ್ಲಿ ಅದು. ನಿನ್ನ ಮೊಮ್ಮಕ್ಕಳೂ ಕೇಳ್ಲಿ, ಕೋಳಿ ಎಲ್ಲಿ ಬತ್ತದೆ ಅಂತ ಹುಡುಕ್ಲಿ."

ಹೇಮಾವತಿ ಹಣ್ಣನ್ನು ಅಲ್ಲೇ ಬಿಟ್ಟು ಹೋದಳು. ಈರಕ್ಕ ಅದನ್ನು ಹಸುವಿನ ಮುಂದೆ ಸುರಿದಳು.

ಈಗ ಮದುವೆಗಳಲ್ಲಿ ಹೋಳಿಗೆಯ ಹಾಡನ್ನು ಯಾರೂ ಕೇಳುವುದಿಲ್ಲ, ಕೋಳಿಯದೇ ಬೇಕು. ಮೊದಲ ಸಾಲು ಎತ್ತಿದರೆ ಸಾಕು, ಜನ ಹುಷ್ ಎಂದು ನಗುತ್ತಾರೆ. ಕಳ್ಳಿಯ ಜೊತೆ ಹಾಡೂ ಹೋಯಿತಲ್ಲೇ ಎಂದು ಕರಿಯಪ್ಪ ಒಮ್ಮೆ ಅಂದಿದ್ದ. ಹೋದರೆ ಹೋಗಲಿ, ಇನ್ನೊಂದು ಕಟ್ಟುತ್ತೇನೆ ಎಂದಳು. ಇನ್ನೂ ಕಟ್ಟಿಲ್ಲ.

ಮಧ್ಯಾಹ್ನ ಉಂಡ ಮೇಲೆ, ರಘು ಕೊಟ್ಟ ಆ ಜಾಲರಿ ಬೆನ್ನಿನ ಹೆಡ್‌ಫೋನಿನಲ್ಲಿ ಹೇಮಾವತಿಯ ಆ ಹಾಡು ಕೇಳುತ್ತಾ ಜಗಲಿಯ ಮೇಲೆ ಕೂರುತ್ತಾಳೆ. ಪಕ್ಕದಲ್ಲಿ ಎಲೆ ಮೆಲ್ಲುವ ಕರಿಯಪ್ಪನಿಗೂ ಸೋರಿ ಕೇಳಿಸುತ್ತದೆ.

"ಇನ್ನೆಷ್ಟು ದಿನಾನೇ ಆ ಕೋಳಿನ ಓಡಿಸ್ತೀಯ?"

ಈರಕ್ಕ ಸದ್ದು ಇನ್ನಷ್ಟು ಏರಿಸುತ್ತಾಳೆ.